ಹಿಟ್ಟಿಲ್ಲದ ಮನೆಯ ಯಜಮಾನ

"ಪೆಟ್ಟಿಗೆ ಇಳಿಸ್ರಪ್ಪ," ಎಂದ ಬಿಸ್ವಿಕ್, ದಾರಿಗೆ ಅಡ್ಡ ನಿಂತು. "ಹೆಣ್ಣು ಕೊಟ್ಟೋರು ನಾವು. ನಮ್ಮ ಮಾತಾಗದೆ ಮಣ್ಣಿಲ್ಲ."

ನರ್ಸ್ ಎನಿಫಾಳ ಶವಪೆಟ್ಟಿಗೆ ಮಾವಿನ ಮರದಡಿ ಇಳಿಯಿತು. ಬಿಸ್ವಿಕ್ ಅವಳ ಸೋದರಮಾವ, ಮದುವೆಗೆ ಜಾಮೀನು ನಿಂತವನು. ಗಂಡ ಅವಳನ್ನು ಹೇಗೆ ನೋಡಿಕೊಂಡ ಎಂದು ಎಲ್ಲರೆದುರು ಕೇಳುವ ಹಕ್ಕು ಅವನದು. ಅವನ ಬಾಯಿಗೆ ಬಿದ್ದ ಅಳಿಯಂದಿರು ಆಮೇಲೆ ಊರಲ್ಲಿ ತಲೆ ಎತ್ತಿ ತಿರುಗಿದ್ದಿಲ್ಲ.

"ಏನಪ್ಪ ಅಳಿಯ," ಎಂದು ಲೈಸನ್ ಕಡೆ ತಿರುಗಿದ. "ಹಿಟ್ಟಿನ ಗಿರಣಿ ಇಟ್ಕೊಂಡಿದೀಯ. ನಮ್ಮ ಹುಡುಗಿ ಮಾತ್ರ ಮನೇಲಿ ಹಿಟ್ಟಿಲ್ಲ ಅಂತ ಆಸ್ಪತ್ರೇಲಿ ಕೂತು ಎಲ್ಲರಿಗೂ ಹೇಳ್ಕೊಂಡ್ಲು. ಹೌದೋ ಅಲ್ವೋ?"

"ಹೇಳಿದ್ಲು ಮಾವ."

ಹಿಂದೆ ಯಾರೋ ಗಂಡಸರು ಕಿಸಕ್ಕೆಂದರು. ಸಲಿಮಾದ ಸಂತೆಯಲ್ಲಿ, ಚರ್ಚಿನ ಬಾಗಿಲಲ್ಲಿ ಈ ಚುಚ್ಚುಮಾತು ಕೇಳಿ ಲೈಸನ್‌ಗೆ ರೂಢಿಯಾಗಿತ್ತು.

*

ವರ್ಷಗಳ ಹಿಂದೆ, ಆಸ್ಪತ್ರೆಯಲ್ಲಿ ಮಕ್ಕಳ ತೂಕ ನೋಡುವ ದಿನ, ಮನೆಯಲ್ಲಿ ಊಟಕ್ಕೆ ಕಡಿಮೆ ಬಿತ್ತೇ ಎಂದು ಎನಿಫಾ ಪ್ರತಿ ತಾಯಿಯನ್ನೂ ಕೇಳಬೇಕಿತ್ತು. ಎಲ್ಲರೂ "ದಂಡಿಯಾಗಿದೆ ಸಿಸ್ಟರ್" ಎನ್ನುತ್ತಿದ್ದರು. ಇಲ್ಲ ಎಂದರೆ ಗಂಡನ ಮಾನ ಹೋದಂತೆ. ಹಾಗೆ ದಂಡಿಯಾಗಿದ್ದ ಮನೆಯೊಂದರ ಮಗು ಎನಿಫಾಳ ಕೈಯಲ್ಲೇ ಸತ್ತಿತು. ಭೇದಿಗೆ ಔಷಧಿ ಕೊಟ್ಟಿದ್ದರು; ಹೊಟ್ಟೆಯಲ್ಲಿ ಅನ್ನವೇ ಇರಲಿಲ್ಲ.

ಆ ಸಂಜೆ ಅವಳು ಗಂಡನಿಗೆ ಹೇಳಿದಳು: "ನಮ್ಮನೇಲಿ ಹಿಟ್ಟು ಮುಗಿದಿದೆ ಅಂತ ಮೊದಲು ನಾನೇ ಹೇಳ್ಬಿಡ್ತೀನಿ. ಆಗ ಅವರಿಗೂ ಬಾಯಿ ಬರುತ್ತೆ."

"ನನ್ನ ಮರ್ಯಾದೆ?"

"ಅದನ್ನೇ ಕೇಳ್ತಿರೋದು. ಕೊಡ್ತೀರಾ?"

ಲೈಸನ್ ಕೆಲವು ದಿನ ಬಿಟ್ಟು ತಾನೇ ಬಂದು, "ಹೇಳು. ಆದ್ರೆ ನಿಜ ಯಾರಿಗೂ ಗೊತ್ತಾಗೋದು ಬೇಡ, ಎಲ್ಲಾ ಕೆಟ್ಟೋಗುತ್ತೆ," ಎಂದ.

*

"ಹೇಳಪ್ಪ. ಉಪವಾಸ ಕೆಡವಿದ್ಯಾ ಅವಳನ್ನ?" ಎಂದು ಬಿಸ್ವಿಕ್ ಮತ್ತೆ ಕೇಳಿದ.

ನಿಜ ಹೇಳಿದರೆ ಲೈಸನ್‌ನ ಮಾನ ಉಳಿಯುತ್ತಿತ್ತು. ಆದರೆ ಅವಳನ್ನು ನಂಬಿ ಬಾಯಿಬಿಟ್ಟ ತಾಯಂದಿರು, ನಮಗೆ ಮೋಸ ಮಾಡಿದಳು ಎಂದುಕೊಳ್ಳುತ್ತಿದ್ದರು. ಅವನು ತಲೆ ತಗ್ಗಿಸಿದ.

ಹೆಂಗಸರ ನಡುವಿನಿಂದ ಮೀನು ಮಾರುವ ಫಲೇಸಿ ಎದ್ದಳು. "ಅದು ಸುಳ್ಳು ಅಜ್ಜ. ಅವರ ಕೋಳಿಗಳು ಮಿಕ್ಕಿದ ನ್ಸಿಮಾ ತಿಂತಿದ್ವು. ಹಿಟ್ಟಿಲ್ಲದ ಮನೇಲಿ ಕೋಳಿಗೆ ಮುದ್ದೆ ಹಾಕ್ತಾರಾ? ನಮಗೆಲ್ಲ ಮೊದಲಿಂದ ಗೊತ್ತಿತ್ತು."

ಲೈಸನ್ ತಲೆ ಎತ್ತಿ ನೋಡಿದ.

"ಗೊತ್ತಿದ್ದೂ ಸುಮ್ನಿದ್ರಾ?" ಎಂದ ಬಿಸ್ವಿಕ್.

"ನಮಗೋಸ್ಕರ ಗಂಡನ ಮಾನಾನೇ ಪಣಕ್ಕಿಟ್ಟೋಳನ್ನ ನಾವು ಸುಳ್ಳಿ ಅನ್ನೋದಾ? ಅವಳು ಹೇಳಿದ್ಮೇಲೆ ನಾನೂ ಹಿಟ್ಟಿಲ್ಲ ಅಂದೆ. ಆಸ್ಪತ್ರೇಲಿ ಮಗೂಗೆ ತೂಕ ಬರೋ ಶೇಂಗಾ ಪೊಟ್ಟಣ ಕೊಟ್ರು, ಮನೆಗೆ ಹಿಟ್ಟು ಕೊಟ್ರು." ಪೆಟ್ಟಿಗೆ ಹೊತ್ತು ಬಂದವರಲ್ಲಿ ಎತ್ತರದ ತನ್ನ ಮಗನನ್ನು ತೋರಿಸಿದಳು. "ಆ ಗೂಳಿ ಆಗ ಒಣಕಲು ಕಡ್ಡಿ."

"ನನ್ನ ಅವಳಿಗಳೂ ಅಷ್ಟೇ," ಎಂದು ಇನ್ನೊಬ್ಬಳು ಎದ್ದಳು. ಆಮೇಲೆ ಅವಳ ಪಕ್ಕದವಳು. ಹೆಂಗಸರು ಕೂತಿದ್ದ ಚಾಪೆಗಳೆಲ್ಲ ಖಾಲಿಯಾದವು. ಲೈಸನ್ ಎಲ್ಲರೆದುರೇ ಅತ್ತುಬಿಟ್ಟ. ಇಷ್ಟು ಹಗುರ ಅವನಿಗೆ ಎಂದೂ ಆಗಿರಲಿಲ್ಲ.

ಬಿಸ್ವಿಕ್ ಬಗ್ಗಿ ಪೆಟ್ಟಿಗೆಯ ಮುಂದಿನ ಹಿಡಿಗೆ ಕೈ ಹಾಕಿದ. "ಆ ಕಡೆ ನೀನು ಹಿಡಿ ಅಳಿಯ," ಎಂದ.

ಫಲೇಸಿ ನಾಲಿಗೆ ಆಡಿಸಿ ಮದುವೆಮನೆಯ ಸಂಭ್ರಮದ ಕೂಗು ಹಾಕಿದಳು. ಸಾವಿನಲ್ಲಿ ಅದು ಕೂಡದೆಂದು ಪಾದ್ರಿ ಕೈ ಎತ್ತಿದರು. ಅಷ್ಟರಲ್ಲಿ ಹೆಂಗಸರೆಲ್ಲ ದನಿಗೂಡಿಸಿದ್ದರು. ಎತ್ತಿದ ಕೈಯಿಂದ ಪಾದ್ರಿ ಟೋಪಿ ತೆಗೆದು, ಗಿರಣಿಯವನ ಹಿಂದೆ ನಡೆದರು.