ನಾಲ್ಕು ಇಂಚಿನ ಗೆರೆ

ಸರಪಳಿಯ ಕಿಣಿಕಿಣಿ ನನಗೇ ಕೇಳಿಸುತ್ತಿದೆ, ಅಂದರೆ ಅರವತ್ತು ಸಾವಿರ ಜನ ಬಾಯಿ ಮುಚ್ಚಿದ್ದಾರೆ, ರೆಫರಿ ಎರಡೂ ಕೈ ಆಡಿಸಿ ಕರೆಯುತ್ತಿದ್ದಾನೆ, ಅಳತೆಗೆ ಬನ್ನಿ — ಸರಿ, ನಡೆ, ವರ್ಲಿನ್, ಓಡಬೇಡ — ಸರಪಳಿಯ ಮುಂದಿನ ತುದಿಯ ಕೋಲಿನವನು ಮುಂದೆ, ಹಿಂದಿನ ತುದಿಯ ಕೋಲು ಹಿಡಿದ ಡೆಲ್ಬರ್ಟ್ ಹಿಂದೆ, ನನ್ನ ಹೆಂಡತಿಯ ತಮ್ಮ ಅವನು, ನಡುವೆ ಸರಪಳಿಗೆ ಕಚ್ಚಿಸಿದ ಕ್ಲಿಪ್ಪು ಹಿಡಿದ ನಾನು, ಇಪ್ಪತ್ಮೂರು ವರ್ಷದಿಂದ ಇದೇ ಕ್ಲಿಪ್ಪು, ಇದೇ ಎರಡು ಬೆರಳು. ಅಮೆರಿಕದ ಫುಟ್ಬಾಲಿನಲ್ಲಿ ನಾಲ್ಕು ಯತ್ನದೊಳಗೆ ಚೆಂಡು ಹತ್ತು ಗಜ ಸಾಗಬೇಕು, ಹತ್ತು ಗಜದ ಸರಪಳಿ ಎಳೆದು ಹಿಡಿದಾಗ ಚೆಂಡಿನ ಮೂತಿ ಮುಂದಿನ ಕೋಲು ಮುಟ್ಟಿದರೆ ಚೆಂಡು ನೀಲಿಯವರದ್ದೇ, ಒಂದು ಒದೆತ, ಗೆಲುವು. ಮುಟ್ಟದಿದ್ದರೆ ನಮ್ಮ ಕೆಂಪಿನವರು ಗೆದ್ದಂತೆ — ನಮ್ಮ ಅಂದೆನೇ, ಅನ್ನಬಾರದು, ಸರಪಳಿಯವರಿಗೆ ಬಣ್ಣವಿಲ್ಲ, ಕೆಂಪು ಕಾಲೇಜಿನ ಮೈದಾನ, ಕೆಂಪು ಕಾಲೇಜಿನ ಸಂಬಳ, ಆದರೂ ಬಿಳಿ ಅಂಗಿ, ಚಪ್ಪಾಳೆ ಹೊಡೆಯುವಂತಿಲ್ಲ, ಒಂದು ವರ್ಷ ಕಣಜದ ಹುಳವೊಂದು ಕಿವಿಗೆ ಕಚ್ಚಿದಾಗ ಕೂಡ ಮುಖ ಸಿಂಡರಿಸಲಿಲ್ಲ ನಾನು, ಯಾರಾದರೂ ತಪ್ಪು ತಿಳಿದಾರು ಎಂದು.

ಸರಪಳಿ ಹೊರುವ ಕೆಲಸ ಸಿಕ್ಕಿತು ಎಂದಾಗ ಅಪ್ಪ ಕೊಟ್ಟಿಗೆಯಲ್ಲಿದ್ದ, ನೀಲಿ ಟೋಪಿ, ಹುಟ್ಟಿದಾಗಲೇ ತಲೆಯ ಮೇಲಿತ್ತೇನೋ ಆ ಟೋಪಿ, ಕೆಂಪಿನವರ ಸರಪಳಿ ಹೊರ್ತೀಯೇನೋ, ಸರಪಳಿಗೆ ಬಣ್ಣ ಇಲ್ಲಪ್ಪ, ಇಲ್ವಾ, ತುಕ್ಕಿನ ಬಣ್ಣ ಯಾವ್ದೋ ಮತ್ತೆ? ಕೆಂಪಿನವರು ಗೆದ್ದ ವಾರ ನಮ್ಮ ಹಸು ಹಾಲು ಕೊಡುತ್ತಿರಲಿಲ್ಲ, ಇದು ನಿಜ, ಪಶುವೈದ್ಯ ಬಂದು ಹಸುವನ್ನೂ ಅಪ್ಪನನ್ನೂ ಪರೀಕ್ಷಿಸಿ, ಹಸುಗೇನೂ ಆಗಿಲ್ಲ, ರೇಡಿಯೋ ಇಲ್ಲಿಂದ ತೆಗೀರಿ ಅಂದ. ಅಂಥ ಮನೆಯಿಂದ ಹೋಗಿ ನಾನು ಮದುವೆಯಾದದ್ದು ಕೆಂಪಿನವರ ಮನೆಯ ಮಾರ್ಲಿಸಳನ್ನು, ಅಡುಗೆಮನೆಯ ಗೋಡೆ ಅರ್ಧ ಕೆಂಪು ಅರ್ಧ ನೀಲಿ, ನಡುವೆ ಫ್ರಿಜ್ಜು, ಅದರೊಳಗಿನ ಬೆಳಕಿಗೂ ತಾನು ಯಾವ ಕಡೆಯೆಂದು ಅನುಮಾನ ಬಂದು ಬಾಗಿಲು ಅರ್ಧ ತೆರೆದರೆ ಅರ್ಧವೇ ಉರಿಯುತ್ತಿತ್ತು. ಮಗಳು ಬ್ರಿಟಾ ಹೋಗಿ ಸೇರಿದ್ದು ನೀಲಿ ಕಾಲೇಜು, ನೀಲಿ ಬ್ಯಾಂಡು, ಊದುವುದು ಟ್ಯೂಬಾ, ಹಿತ್ತಾಳೆಯ ದೊಡ್ಡ ಕಹಳೆ. ಅಪ್ಪ ಅಷ್ಟರಲ್ಲಿ ಹೋಗಿದ್ದ, ಟೋಪಿಯ ಸಮೇತ.

ನಡೆ, ಇನ್ನೂ ಮೂವತ್ತು ಹೆಜ್ಜೆ, ಕ್ಲಿಪ್ಪು ಬಿಡಬೇಡ, ಕ್ಲಿಪ್ಪಿನಲ್ಲೇ ಇದೆಯಲ್ಲ ಎಲ್ಲಾ. ಮೈದಾನದಲ್ಲಿ ಐದು ಗಜಕ್ಕೊಂದು ಬಿಳಿ ಗೆರೆ, ಗೆರೆಯ ಅಗಲ ನಾಲ್ಕು ಇಂಚು, ಸರಪಳಿ ಆ ಗೆರೆಯ ಹಿಂದಿನ ಅಂಚು ದಾಟುವಲ್ಲಿ ಕ್ಲಿಪ್ಪು ಕಚ್ಚಿಸಬೇಕು, ಅಳೆಯುವಾಗ ಅದೇ ಗೆರೆಯ ಅದೇ ಅಂಚಿನ ಮೇಲೆ ಊರಬೇಕು, ಆಗ ಸರಪಳಿ ತನ್ನ ಜಾಗದಲ್ಲೇ ಬಂದು ಕೂರುತ್ತದೆ. ಹಿಂದಿನ ಅಂಚು, ಯಾವಾಗಲೂ ಹಿಂದಿನ ಅಂಚು. ಇವತ್ತು, ನಾಲ್ಕು ನಿಮಿಷದ ಹಿಂದೆ, ಕಚ್ಚಿಸಿದ್ದು ಮುಂದಿನ ಅಂಚಿಗೆ. ಬೆಳಿಗ್ಗೆ ಫೋನಿನಲ್ಲಿ ಬ್ರಿಟಾ, ಅಪ್ಪಾ, ಇಪ್ಪತ್ಮೂರು ವರ್ಷದಿಂದ ಬರೀ ಗೆರೆನೇ ನೋಡ್ತಿದ್ದೀಯ, ನಂದಿದು ಕೊನೇ ಮ್ಯಾಚು, ಒಂದೇ ಒಂದ್ಸಲ ತಲೆ ಎತ್ತು, ಮೂರನೇ ಸಾಲು, ಎಡಗಡೆಯಿಂದ ಎರಡನೇದು, ನೀನು ನೋಡಿದ್ದು ಕಂಡ್ರೆ ಟ್ಯೂಬಾ ಬಗ್ಗಿಸ್ತೀನಿ. ಎತ್ತಿದೆ. ನವೆಂಬರಿನ ಇಳಿಬಿಸಿಲು ಪೂರಾ ಆ ಹಿತ್ತಾಳೆಯ ಬಾಯಲ್ಲಿ ತುಂಬಿತ್ತು, ಬೆಳಗುತ್ತಿದ್ದ ಬಾಯಿ ಮೆಲ್ಲಗೆ ಬಗ್ಗಿತು, ಒಂದು ಸಲ, ನನ್ನ ಬೆರಳು ಕ್ಲಿಪ್ಪು ಒತ್ತಿದ್ದು ಆ ಹೊತ್ತಿಗೇ — ಟಕ್ — ಕೆಳಗೆ ನೋಡಿದರೆ ತಪ್ಪು ಅಂಚು, ಇರಲಿ, ಹೇಳಿದರಾಯಿತು, ಅಳತೆ ಎಲ್ಲಿ ಬರುತ್ತದೆ, ಬಂತಲ್ಲ.

ಆಗಸ್ಟಿನಲ್ಲೇ ಹೇಳಿದ್ದ ಡೆಲ್ಬರ್ಟ್, ಭಾವ, ಇದೊಂದು ಮ್ಯಾಚು ಮನೇಲಿರು, ಮಗಳು ಆ ಬಚ್ಚಲ ಪೈಪು ಊದ್ತಾ ಇರ್ತಾಳೆ, ನೀನು ಏನ್ ಹೇಳಿದ್ರೂ ಅರ್ಧ ರಾಜ್ಯ ಉಗಿಯುತ್ತೆ, ನಾನೋ ದೊಡ್ಡ ಮನುಷ್ಯ, ಕ್ಲಿಪ್ಪಿಗೆ ಮಗಳಿಲ್ಲ ಕಣೋ ಅಂದಿದ್ದೆ. ಹಿಂದಿನ ಅಂಚು ಅಂದುಬಿಟ್ಟರೆ ಸರಪಳಿ ನಾಲ್ಕಿಂಚು ಹಿಂದೆ ಬೀಳುತ್ತದೆ, ಕೋಲು ತಾನೇ ಚೆಂಡಿನ ಹತ್ತಿರ ಬರುತ್ತದೆ, ನೀಲಿಯವರು ಗೆಲ್ಲುತ್ತಾರೆ, ಮಗಳ ಕೊನೇ ಮ್ಯಾಚು, ಅಪ್ಪ ಮಣ್ಣಿನೊಳಗೆ ಟೋಪಿ ತೆಗೆದು ಕುಣಿಯುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ, ಸುಳ್ಳು ಹೇಳುವ ಕಷ್ಟವೂ ಇಲ್ಲ, ಅಭ್ಯಾಸದ ಮಾತು ಬಾಯಿಗೆ ಬಂದರೆ ಸಾಕು, ತಲೆ ಆಡಿಸಿದರೂ ಸಾಕು. ಮಂಡಿ ಊರಿದೆ, ಹುಲ್ಲು ತಣ್ಣಗಿದೆ, ರೆಫರಿ ಬಗ್ಗಿ, ಹಿಂದಿನ ಅಂಚೇ ತಾನೆ, ವರ್ಲಿನ್? ಕೇಳುವ ಮೊದಲೇ ಅವನ ಕೈ ಅಲ್ಲಿಗೇ ಹೋಗಿದೆ, ನೋಡು, ಇಪ್ಪತ್ಮೂರು ವರ್ಷದಲ್ಲಿ ನಾನು ಗಳಿಸಿದ್ದು ಅಷ್ಟೇ, ಆ ಕೈ ಕೇಳದೆ ಅಲ್ಲಿಗೆ ಹೋಗುವುದು.

ಮುಂದಿನದು. ಏನು? ಮುಂದಿನ ಅಂಚು. ನೀನಾ? ನಾನೇ, ಇವತ್ತು ಮುಂದಿನದು, ಊರಪ್ಪ. ಊರಿದ. ಸರಪಳಿ ಎಳೆದು ನಿಂತಿತು, ಕೋಲು ನೆಟ್ಟಗಾಯಿತು, ಚೆಂಡಿನ ಮೂತಿಗೂ ಕೋಲಿಗೂ ನಡುವೆ ಹುಲ್ಲು, ಎರಡು ಬೆರಳಿನಷ್ಟು ಹುಲ್ಲು, ಆಮೇಲೆ ಅರವತ್ತು ಸಾವಿರ ಬಾಯಿ ಒಟ್ಟಿಗೇ, ಡೆಲ್ಬರ್ಟ್ ನನ್ನ ಕಿವಿಯ ಹತ್ತಿರ ಬಂದು, ಭಾವಾ, ಗೊತ್ತಿತ್ತು ಕಣೋ ನಂಗೆ, ಕೊನೆಗೂ ನಮ್ಮವನೇ ನೀನು — ಅಲ್ಲ ಡೆಲ್ಬರ್ಟ್, ಅದಲ್ಲ, ಅಂಚು — ಕೇಳುವವರಿಲ್ಲ, ತಲೆ ಎತ್ತಬಾರದು, ಎತ್ತಿದೆ, ಮೂರನೇ ಸಾಲು, ಎಡಗಡೆಯಿಂದ ಎರಡನೇದು, ಬಿಸಿಲು ಇನ್ನೂ ಅದರ ಬಾಯಲ್ಲೇ ಇದೆ, ನನ್ನ ಕಡೆಗೇ ತಿರುಗಿದೆ, ಬಗ್ಗುತ್ತಿದೆ, ಮೆಲ್ಲಗೆ, ನೋಡಿದ್ದು ಕಂಡಿತು ಅಂತಲೋ, ಸೋತು ಇಳಿಸುತ್ತಿದ್ದಾಳೋ, ಎರಡಕ್ಕೂ ಬಗ್ಗುವುದು ಹೀಗೇ ಅಲ್ಲವೇ, ಹಿತ್ತಾಳೆಯ ಬಾಯಿ, ಬಿಸಿಲು, ಬಗ್ಗುತ್ತಿದೆ