ಅಂಜುಬುರುಕನ ಕಾರ್ಡು

ಘಟ್ಟದೂರು ಕ್ವೆತ್ಸಾಲಾನಿನಲ್ಲಿ ಲೊತೆರಿಯಾ ಆಟದ ಕಾರ್ಡು ಕೂಗುವುದರಲ್ಲಿ ದೋಮಿತಿಲಾಳನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹಾಗೆಂದು ಅವಳೇ ಹೇಳುತ್ತಿದ್ದಳು, ಸುಳ್ಳೂ ಅಲ್ಲ. ಭಾನುವಾರ ಬೀದಿಯೆಲ್ಲ ಅವಳ ಅಂಗಳದಲ್ಲಿ ಸೇರುತ್ತಿತ್ತು. ಅವಳು ಕಾರ್ಡೊಂದನ್ನು ಎತ್ತಿ, ಅದರ ಹೆಸರು ಹೇಳದೆ ಏನಾದರೊಂದು ಕುಚೋದ್ಯದ ಮಾತು ಕೂಗುವಳು. ಆಡುವವರು ಅದು ಯಾವುದೆಂದು ತಿಳಿದು, ತಮ್ಮ ಹಲಗೆಯಲ್ಲಿ ಅದಿದ್ದರೆ ಅದರ ಮೇಲೆ ಜೋಳದ ಕಾಳಿಡಬೇಕು. ಸಾಲು ತುಂಬಿ 'ಲೊತೆರಿಯಾ' ಅಂದವರು ಗೆದ್ದಂತೆ.

ಅವಳ ಅಣ್ಣನ ಮಗಳು ಮಾರಿಕ್ರೂಸ್‌ಗೆ ಕಾಫಿ ಗಿಡದ ರೋಗಗಳ ಬಗ್ಗೆ ಮುಂದೆ ಓದುವಾಸೆ. ಸ್ಕಾಲರ್‌ಷಿಪ್ ಬೇಕೆಂದರೆ ಇಂಗ್ಲಿಷ್ ಪದಗಳ ಪರೀಕ್ಷೆ ದಾಟಬೇಕು. ಹೋದ ವರ್ಷ ಎರಡೇ ಅಂಕದಲ್ಲಿ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ವಯಸ್ಸಿನ ಮಿತಿಯೇ ದಾಟಿಹೋಗುತ್ತಿತ್ತು.

"ಉದ್ದುದ್ದ ಪದ ಎಲ್ಲಾ ನಮ್ಮ ಸ್ಪ್ಯಾನಿಷಿನ ನೆಂಟ್ರೇ ಅತ್ತೆ, ನೋಡಿದ್ ತಕ್ಷಣ ಗೊತ್ತಾಗುತ್ತೆ. ಈ ಗಿಡ್ಡ ಪದಗಳೇ ಪ್ರಾಣ ತಿನ್ನೋದು."

"ಅವಕ್ಕೆ ಹಲಗೆ, ಕಾರ್ಡು ಮಾಡ್ಕೊಂಡ್ ಬಾ. ಕೂಗೋದು ನಂಗೆ ಬಿಡು."

ಇಂಗ್ಲಿಷಿನ ಗಂಧವಿಲ್ಲದ ದೋಮಿತಿಲಾ ಹುಡುಗಿಯಿಂದ ಅರ್ಥ ಕೇಳಿಕೊಂಡು ಒಂದೊಂದು ಪದಕ್ಕೂ ಬೀದಿಯವರನ್ನೇ ಹೊಂದಿಸಿದಳು. ಸಿಡುಕಿನ ಪದಕ್ಕೆ ತೊರ್ತಿಯಾ ರೊಟ್ಟಿಯಂಗಡಿಯವಳು ಸಿಕ್ಕಳು. ಅಂಜುಬುರುಕ ಎಂಬರ್ಥದ 'ಕ್ರೇವನ್' ಬಂದಾಗಂತೂ ಯೋಚಿಸಲೇ ಇಲ್ಲ: "ಮಂಜು ಕಂಡ್ರೆ ಲಾರಿ ಬಿಟ್ಟು ಮಂಚದಡಿ ಸೇರೋನು."

ಅಂಗಳ ಬಿದ್ದು ಬಿದ್ದು ನಕ್ಕಿತು. ಎದುರಲ್ಲೇ ಕೂತಿದ್ದ ಲಾರಿಯವ ಸೆಲೆರಿನೋ, ಊರವರು ಗೌರವದಿಂದ 'ದೋನ್' ಎನ್ನುತ್ತಿದ್ದವನು, ಕಾಳು ಚೆಲ್ಲಿ ಎದ್ದ. ಘಟ್ಟದ ಮಂಜಿನಲ್ಲೇ ಅವನ ತಮ್ಮ ಸತ್ತಿದ್ದ; ಅಂದಿನಿಂದ ಮಂಜು ಬಿದ್ದರೆ ಅವನು ಲಾರಿ ತೆಗೆಯುತ್ತಿರಲಿಲ್ಲ. ಅದು ದೋಮಿತಿಲಾಳಿಗೆ ನೆನಪಾದದ್ದು ಕೂಗಿದ ಮೇಲೆ.

"ನಿನ್ನ ನಾಲಿಗೆಗೆ ಲಗಾಮಿಲ್ಲ. ಇನ್ನು ಈ ಅಂಗಳಕ್ಕೆ ಕಾಲಿಡಲ್ಲ," ಎಂದು ಹೊರಟೇ ಹೋದ.

ಪರೀಕ್ಷೆಯ ದಿನ ಪ್ವೆಬ್ಲಾ ನಗರಕ್ಕೆ ಹೋಗುವ ಬೆಳಗಿನ ಬಸ್ಸು ಕೆಟ್ಟು ನಿಂತಿತು. ಮಂಜು ಎಷ್ಟಿತ್ತೆಂದರೆ ಎದುರುಮನೆ ಕಾಣುತ್ತಿರಲಿಲ್ಲ. ಬಿಂಕವನ್ನೆಲ್ಲ ನುಂಗಿಕೊಂಡು ದೋಮಿತಿಲಾ ಸೆಲೆರಿನೋನ ಬಾಗಿಲು ಬಡಿದಳು.

"ತಪ್ಪಾಯ್ತು ಮಾರಾಯ. ಬೈಯೋದಿದ್ರೆ ಆಮೇಲೆ ಬೈ, ಹುಡುಗೀನ ಪ್ವೆಬ್ಲಾಕ್ಕೆ ಮುಟ್ಸು."

ಅವನು ಮಂಜನ್ನು ನೋಡಿದ, ಮಾರಿಕ್ರೂಸಳನ್ನು ನೋಡಿದ. "ಹತ್ತಿ," ಎಂದ.

ತಿರುವು ತಿರುವಿಗೂ ಅವನು ಹಾರ್ನ್ ಒತ್ತಿ, ಗಾಜಿಗೆ ಮುಖ ತಾಗಿಸಿ ದಾರಿ ಹುಡುಕುತ್ತಿದ್ದ. ಪಕ್ಕದಲ್ಲಿ ಕೂತ ದೋಮಿತಿಲಾ ಕೇಳಿದಳು:

"ಹೆದ್ರಿಕೆ ಆಗ್ತಿದ್ಯಾ?"

"ಆಗ್ದೆ ಇರುತ್ತಾ? ಸುಮ್ನೆ ಕೂತ್ಕೋ."

ಹತ್ತು ನಿಮಿಷ ಮೊದಲೇ ಮುಟ್ಟಿಸಿದ. ಮಧ್ಯಾಹ್ನ ಮಾರಿಕ್ರೂಸ್ ಓಡಿಬಂದಳು. "ಕಂಪ್ಯೂಟರಲ್ಲೇ ಅಂಕ ತೋರಿಸಿದ್ರು ಅತ್ತೆ, ಬೇಕಾದ್ದಕ್ಕಿಂತ ಐದು ಹೆಚ್ಚಿಗೇ ಬಂದಿದೆ. 'ಕ್ರೇವನ್' ಪದಾನೂ ಕೇಳಿದ್ರು."

"ಸರಿಯಾಗಿ ಹಾಕಿದ್ಯೇನೇ?"

"ಹಾಕ್ದೆ. ಆದ್ರೆ ದೋನ್ ಸೆಲೆರಿನೋ ಮುಖ ನೆನಪಾಗಿ ನಾಚಿಕೆ ಆಯ್ತು."

ಸೆಲೆರಿನೋ ಕೇಳಿಸದವನಂತೆ ಲಾರಿಯ ಗಾಜು ಒರೆಸುತ್ತಿದ್ದ.

ಭಾನುವಾರ ಅವನು ಬಂದು ತನ್ನ ಹಳೆಯ ಜಾಗದಲ್ಲೇ ಕೂತ. ಪರೀಕ್ಷೆ ಮುಗಿದರೂ ಇಂಗ್ಲಿಷ್ ಕಾರ್ಡಿನ ಆಟವೇ ನಡೆದಿತ್ತು; ನಡುವೆ ದೋಮಿತಿಲಾಳ ಕೈಗೆ ಅದೇ 'ಕ್ರೇವನ್' ಕಾರ್ಡು ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಸೆಲೆರಿನೋನತ್ತ ನೋಡಿದಳು. ಅಂಗಳವೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು.

"ಈ ಕಾರ್ಡಿನೋನು ನಮ್ಮ ಬೀದೀಲಿ ಇಲ್ಲ," ಎಂದಳು. "ಇದ್ದಾನೆ ಅಂದೋಳ ಬಾಯಿಗೆ ಮಣ್ಣು ಬೀಳ್ಲಿ."

ಸೆಲೆರಿನೋ ಒಂದು ಕಾಳು ತೆಗೆದು ತನ್ನ ಹಲಗೆಯ 'ಕ್ರೇವನ್' ಮೇಲೆ ಮೆಲ್ಲಗೆ ಇಟ್ಟ. ಸಾಲು ತುಂಬಿತು.

"ಲೊತೆರಿಯಾ," ಎಂದ.