ಮೂರು ಪಾಯಿಂಟ್ ಒಂದೈದು

“ಮೂರು ಪಾಯಿಂಟ್ ಒಂದೈದು ಬೇಡ ಅಣ್ಣ, ಎರಡು ಪಾಯಿಂಟ್ ಎರಡೈದು ಗ್ರಾಂ ತೂಗಿ,” ಎಂದು ಹೊಸ ಮೇಡಂ ಹೇಳಿದಾಗ ಪ್ರಯೋಗಾಲಯದ ಅಟೆಂಡರಣ್ಣನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೊಂಬತ್ತು ವರ್ಷ! ಪರೀಕ್ಷೆಗೆಂದು ಆಕ್ಸಾಲಿಕ್ ಆಮ್ಲದ ದ್ರಾವಣ ಮಾಡುವಾಗೆಲ್ಲ ಕಾಲು ಲೀಟರಿನ ಫ್ಲಾಸ್ಕಿಗೆ ಅವನು ತೂಗಿದ್ದು ಮೂರು ಪಾಯಿಂಟ್ ಒಂದೈದೇ. ತೀರಿಹೋದ ಮೇಷ್ಟ್ರು ಕೊಟ್ಟ ಅಂಕಿ ಅದು.

“ನೀವು ಇಲ್ಲಿ ಓದುವಾಗ ಇದೇ ಬೆಂಚಲ್ಲಿ ಗಾಜಿನ ಬ್ಯುರೆಟ್ ಒಡೆದು ಗೊಳೋ ಅಂತ ಅತ್ತಿದ್ದು ನಂಗಿನ್ನೂ ನೆನಪಿದೆ ಮೇಡಮ್ಮ. ಈಗ ಮೇಷ್ಟ್ರ ಲೆಕ್ಕಕ್ಕೇ ಕೊಕ್ಕೆನಾ?”

ಮೇಡಂ ನಕ್ಕುಬಿಟ್ಟರು. “ಅವರ ಲೆಕ್ಕ ಸರಿಯಾಗೇ ಇದೆ. ಬಾಟ್ಲಿ ಬದಲಾಗಿದೆ, ಲೇಬಲ್ ನೋಡಿ. ಹಳೇದರಲ್ಲಿ ಹರಳಿನೊಳಗೆ ನೀರಿರ್ತಿತ್ತು, ಅದರ ತೂಕಾನೂ ಸೇರ್ತಿತ್ತು. ಇದು ನೀರಿಲ್ಲದ್ದು. ನಿಮ್ಮ ಅಂಕಿ ಹಾಕಿದ್ರೆ ದ್ರಾವಣ ಸ್ಟ್ರಾಂಗಾಗಿ, ಮಧ್ಯಾಹ್ನ ಪರೀಕ್ಷೆಗೆ ಬರೋ ಮಕ್ಕಳ ಉತ್ತರ ಅಷ್ಟೂ ತಪ್ಪಾಗುತ್ತೆ.”

ಬೆಳಿಗ್ಗೆಯೇ ಈ ಬಾಟ್ಲಿಯದನ್ನು ಹಳೇ ಅಂಕಿಯಂತೆ ತೂಗಿ ಒಂದು ಫ್ಲಾಸ್ಕ್ ಮಾಡಿಟ್ಟಾಗಿತ್ತು. ಅದನ್ನು ಸಿಂಕಿಗೆ ಸುರಿದ.

“ಎರಡು ಪಾಯಿಂಟ್ ಎರಡೈದು ಹೇಗೆ ಬಂತು?” ಎಂದು ಕೇಳುವಾಗ ನಾಚಿಕೆಯಾಯಿತು. ಅಂಕಿ ಬಾಯಿಪಾಠವಿತ್ತೇ ಹೊರತು ಲೆಕ್ಕ ಅವನಿಗೆ ಗೊತ್ತೇ ಇರಲಿಲ್ಲ. “ಕೂತ್ಕೊಳ್ಳೋ, ಐದು ನಿಮಿಷದ ಕೆಲಸ,” ಎಂದು ಮೇಷ್ಟ್ರು ಎಷ್ಟು ಸಲ ಕರೆದಿರಲಿಲ್ಲ! “ನಾಳೆ ಸಾರ್, ಪಿಪೆಟ್ ತೊಳೀಬೇಕು,” ಎಂದು ಇವನೇ ಜಾರಿಕೊಳ್ಳುತ್ತಿದ್ದ. ಎಂಥ ದಿನಗಳಪ್ಪ ಅವು! ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮೇಷ್ಟ್ರು ಹೊಸ ಬೀಕರಿನಲ್ಲಿ ಚಹಾ ಕಾಯಿಸಿ ಇಬ್ಬರಿಗೂ ಸಮನಾಗಿ ಅಳೆದು ಸುರಿಯುತ್ತಿದ್ದರು, ಮೂಗಿನ ಮೇಲೆ ಸೀಮೆಸುಣ್ಣದ ಪುಡಿ. ಒಂದು ಸೋಮವಾರ ಅವರು ಬರಲೇ ಇಲ್ಲ.

ಮೇಡಂ ಪೆನ್ಸಿಲ್ ಅವನ ಕೈಗೇ ಕೊಟ್ಟರು. “ಒಂದು ಮೋಲ್ ಅಂದ್ರೆ ಇದರಲ್ಲಿ ತೊಂಬತ್ತು ಗ್ರಾಂ. ಒಂದು ಲೀಟರ್ ದ್ರಾವಣದಲ್ಲಿ ಅಷ್ಟಿದ್ರೆ ಒಂದು ಮೋಲಾರ್. ನಮಗೆ ಬೇಕಿರೋದು ಅದರ ಹತ್ತರಲ್ಲೊಂದು ಪಾಲು.”

“ಒಂಬತ್ತು. ಕಾಲು ಲೀಟರಿಗೆ ಅದರ ಕಾಲು... ಎರಡೂಕಾಲು! ಅಯ್ಯೋ, ಇಷ್ಟೇನಾ?”

“ಇಷ್ಟೇ ಅಣ್ಣ.”

ಅವನು ತೂಗಿದ, ಕರಗಿಸಿದ, ಫ್ಲಾಸ್ಕಿನ ಗೆರೆಯವರೆಗೆ ನೀರು ತುಂಬಿ ಕುಲುಕಿಟ್ಟ. ಪರೀಕ್ಷೆಗೆ ಇನ್ನೂ ಅರ್ಧ ಗಂಟೆಯಿತ್ತು.

“ಮೇಡಮ್ಮ, ಹಳೇ ಬಾಟ್ಲಿದು ಒಂದು ಮೋಲಿಗೆ ಎಷ್ಟು?”

“ನೂರಿಪ್ಪತ್ತಾರು.”

ಕಾಗದದ ಮೂಲೆಯಲ್ಲಿ ಬರೆದುಕೊಂಡ. ಹತ್ತರಲ್ಲೊಂದು, ಹನ್ನೆರಡು ಪಾಯಿಂಟ್ ಆರು. ಅದನ್ನು ನಾಲ್ಕರಿಂದ ಭಾಗಿಸಿದ. ಮೂರು ಬಂತು. ಒಂದು ಬಂತು. ಐದು ಬಂತು.

“ಬಂತು ಸಾರ್,” ಎಂದ, ಕಾಗದದಿಂದ ತಲೆ ಎತ್ತದೆ.